ಎಪ್ಪತ್ತೆರಡು ಗಂಟೆ

ಮೊದಲ ಎರಡು ವಾರ ಜಗಳ ಬಾಗಿಲಿನದು.
ಯಾರು ಮೊದಲು ಒಳಗೆ ಬರಬೇಕು?
ಕೊನೆಗೆ ಹೋಟೆಲಿನ ಬಡಗಿ ಅಯಲೆವ್
ಅಡುಗೆಮನೆ ಕಡೆಯ ಗೋಡೆ ಒಡೆದು
ಇನ್ನೊಂದು ಬಾಗಿಲು ಇಟ್ಟ.
ಎರಡೂ ಕಡೆಯವರು ಟೇಪು ಹಿಡಿದು ಅಳೆದರು,
ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ.
ಆಗಲೇ ನನಗೆ ಅನ್ನಿಸಿತ್ತು, ಇವರಿಗೆ
ಯುದ್ಧ ಸಾಕಾಗಿದೆ,
ಹಾಗೆನ್ನಲು ಬಾಯಿಲ್ಲ.

ನಾನು ವುಬಾಲೆಮ್, ಟೈಪಿಸ್ಟ್.
ಹೊರಗೆ ಅಡಿಸ್ ಅಬಾಬದ ಜುಲೈ ಮಳೆ,
ನೆನೆದ ನೀಲಗಿರಿ ಎಲೆಯ ಘಾಟು.
ಒಳಗೆ ಹದಿನಾಲ್ಕು ಜನ, ನಡುವೆ ನನ್ನ ಕೀಲಿಮಣೆ.
ಯುದ್ಧ ನಮ್ಮದಲ್ಲ, ದಕ್ಷಿಣದ ಜೌಗುನಾಡಿನದು,
ಎತ್ತಿನ ಬಣ್ಣವನ್ನೇ ಮಕ್ಕಳಿಗೆ ಹೆಸರಿಡುವವರದು.
ಮಲುವಾಲ್ ಅಂದರೆ ಕೆಂದೆತ್ತು.
ಎದುರು ಕೂತ ಗತ್ಲುವಾಕ್, ಕೊಟ್ಟಿಗೆಯ ಮಗ.
ಎತ್ತಿಗೂ ಕೊಟ್ಟಿಗೆಗೂ ಹೊಂದಲೇ ಇಲ್ಲ;
ಮಾತೆಲ್ಲ ಎತ್ತು ಏರಿಗೆ, ಕೋಣ ನೀರಿಗೆ.

ಒಂಬತ್ತು ದಿನ ಒಂದು ಕ್ರಿಯಾಪದ ತಿಂದಿತು.
'ಹಿಂದೆ ಸರಿಯತಕ್ಕದ್ದು' ಅಂತ ಹೊಡೆದರೆ ಗತ್ಲುವಾಕ್ ಏಳುತ್ತಾನೆ:
ಸೋತವನು ಸರಿಯುತ್ತಾನೆ, ನಾವಲ್ಲ.
'ಬಿಟ್ಟುಕೊಡತಕ್ಕದ್ದು' ಅಂದರೆ ಮಲುವಾಲ್:
ಕದ್ದವನು ಬಿಟ್ಟುಕೊಡುತ್ತಾನೆ.
ಬೊಟ್ಸ್ವಾನಾದ ಮುದುಕಿ ಕೆಲೆಬೊಖಿಲೆ, ಮಧ್ಯಸ್ಥೆ,
ಕಣ್ಣು ಅರ್ಧ ಮುಚ್ಚಿ ಕೂತವಳು
ಕೂಗಾಟ ಸೂರು ಮುಟ್ಟಿದಾಗ ಮಾತ್ರ ಹೇಳುತ್ತಿದ್ದಳು,
'ಅಳಿಸು ಮಗಳೇ, ಮತ್ತೆ ಹೊಡಿ.'
ಹತ್ತನೆಯ ದಿನ
'ನಿಂತ ಜಾಗ ಬದಲಿಸತಕ್ಕದ್ದು' ಎಂಬಲ್ಲಿಗೆ
ಇಬ್ಬರೂ ಕೂತರು. ಅದು ಯಾವ ಭಾಷೆಯಲ್ಲೂ
ಚೆನ್ನಾಗಿ ಕೇಳುವುದಿಲ್ಲ. ಅದಕ್ಕೇ ನಿಂತಿತು.

ಆಮೇಲೊಂದು ಕಾಗದ ಬಂತು, ಹಣ ಕೊಡುವ ದೇಶಗಳಿಂದ:
ಶುಕ್ರವಾರದ ನಂತರ ಕೋಣೆ ಬಾಡಿಗೆ ಕೊಡಲಾಗದು.
ಚರಿತ್ರೆ ಬರೆಯುವವರು ಇದನ್ನು ಬರೆಯಲಿಕ್ಕಿಲ್ಲ.
ಬುಧವಾರ ಒಂದೇ ದಿನ ಎಂಟು ಕಲಮು ಮುಗಿದವು.

ಉಳಿದದ್ದು ಹದಿನಾಲ್ಕನೆಯದು.
ಸಹಿಯಾದ ಎಪ್ಪತ್ತೆರಡು ಗಂಟೆಯ ಮೇಲೆ
ಗುಂಡು ನಿಲ್ಲತಕ್ಕದ್ದು.
ನನ್ನ ಬೆರಳು ನಿಂತಿತು.
ಟೈಪಿಸ್ಟ್ ಕೇಳಬಾರದು, ಕೇಳಿಬಿಟ್ಟೆ:
ಯಾಕೆ ಮೂರು ದಿನ? ಈಗಲೇ ಯಾಕಲ್ಲ?
ನನ್ನಣ್ಣ ನಮ್ಮ ಯುದ್ಧದಲ್ಲಿ ಸತ್ತದ್ದು
ಸಹಿಯಾದ ಮಾರನೆಯ ಬೆಳಿಗ್ಗೆ. ಅದನ್ನು ಹೇಳಲಿಲ್ಲ.

ಮಲುವಾಲ್ ಬಯ್ಯಲಿಲ್ಲ. ಬೆರಳು ಮಡಿಸಿದ.
ತಂತಿ ಮುಗಿಯುವ ಊರಿನ ತನಕ ಒಂದು ರಾತ್ರಿ.
ಅಲ್ಲಿಂದ ಮೋಟಾರ್ ಬೈಕು, ಎಣ್ಣೆ ಇದ್ದರೆ.
ಆಮೇಲೆ ದೋಣಿ. ಆಮೇಲೆ ಹುಲ್ಲು, ನೀರು, ಕಾಲು.
ಗತ್ಲುವಾಕ್ ಮುಂದುವರಿಸಿದ, ಮೊದಲ ಸಲ
ಅವನ ಮಾತಿಗೆ ಮಾತು ಜೋಡಿಸಿ:
ಈಗಲೇ ಅಂತ ಬರೆದರೆ, ಸುದ್ದಿ ಮುಟ್ಟದವನು
ನಾಳೆ ಗುಂಡು ಹಾರಿಸುತ್ತಾನೆ, ಒಪ್ಪಂದ ಮುರಿದವನಾಗುತ್ತಾನೆ.
ಮತ್ತೆ ಮೊದಲಿನಿಂದ, ಬಾಗಿಲಿನಿಂದ.

ಹೊಡೆದೆ. ಎ-ಪ್ಪ-ತ್ತೆ-ರ-ಡು.

ಸಹಿಯಾಯಿತು, ಫೋಟೋಕ್ಕೆ ತಬ್ಬಿಕೊಂಡರು.
ತಬ್ಬಿದ್ದು ಸುಳ್ಳು, ನೋಡಿದರೆ ಗೊತ್ತಾಗುತ್ತಿತ್ತು.
ಲಿಫ್ಟಿನ ಎದುರು, ಕ್ಯಾಮೆರಾ ಹೋದ ಮೇಲೆ
ಗತ್ಲುವಾಕ್ ಕೇಳಿದ, ಅವನ ಮುಖ ನೋಡದೆ:
ನಿಮ್ಮ ಕಡೆ ಮಳೆ ಬಂತಂತಾ? ದನಕ್ಕೆ ಹುಲ್ಲಿದೆಯಾ?
ಅವನು ಹೂಂ ಅಂದ. ಲಿಫ್ಟು ಬಂತು.
ಒಂದೇ ಲಿಫ್ಟು, ಒಂದೇ ಬಾಗಿಲು.
ಮೊದಲು ಹತ್ತಿದ್ದು ಯಾರೋ, ನಾನು ಗಮನಿಸಲಿಲ್ಲ.

ಮೂರನೆಯ ರಾತ್ರಿ ಅಮ್ಮ ಕಾಫಿಬೀಜ ಹುರಿದಳು.
ಮೊದಲ ಸುತ್ತು ಅಬೋಲ್, ಆಮೇಲೆ ತೋನಾ.
ಬರಕಾ ಬಗ್ಗಿಸುವಾಗ ಗಡಿಯಾರ ನೋಡಿದೆ,
ಇನ್ನೂ ನಾಲ್ಕು ಗಂಟೆ.
ಅಲ್ಲೆಲ್ಲೋ ಎದೆಮಟ್ಟ ನೀರಿನಲ್ಲಿ ಒಬ್ಬ ಹುಡುಗ
ನಾನು ಹೊಡೆದ ಹಾಳೆಯನ್ನು
ಸಕ್ಕರೆ ಬಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಲೆಯ ಮೇಲೆ ಹಿಡಿದು
ನಡೆಯುತ್ತಿದ್ದಾನೆ. ಓದು ಬಾರದು ಅವನಿಗೆ.
ಒದ್ದೆಯಾಗಬಾರದು ಎಂಬುದಷ್ಟೇ ಗೊತ್ತು.